ಭಿತ್ತಿಪತ್ರಿಕೆ ಮಾಡುವ ಬಗೆ: ಮೊಬೈಲು, ಗೇಮು, ಶಾಲೆ, ರಾಜಕೀಯ ಗೋಡೆಗೇರುವಾಗ

ಹೈಸ್ಕೂಲು ಹುಡುಗರಿಗೆ ಅಭಿಪ್ರಾಯಕ್ಕೇನೂ ಬರವಿಲ್ಲ. ಶಿರಸಿಯ ಬಸ್‌ಸ್ಟ್ಯಾಂಡಿನಲ್ಲಿ ಸಂಜೆ ಅರ್ಧ ಗಂಟೆ ನಿಂತು ಕೇಳಿದರೆ ಸಾಕು: ಯಾವ ಫೋನು ಬಿಸಿಯಾಗುತ್ತದೆ, ಯಾವ ಗೇಮು ದುಡ್ಡು ನುಂಗುತ್ತದೆ, ಯಾವ ಮಾಸ್ತರು ಪಾಠ ಮಾಡುವುದಿಲ್ಲ, ಯಾವ ರಸ್ತೆಯ ಹೊಂಡಕ್ಕೆ ಯಾರು ಕಾರಣ, ಎಲ್ಲಕ್ಕೂ ಉತ್ತರ ತಯಾರಿದೆ. ಅದೇ ಹುಡುಗನ ಕೈಗೆ ಹಾಳೆ ಕೊಟ್ಟು ಬರೆ ಎಂದರೆ ‘ಇಂದಿನ ಆಧುನಿಕ ಯುಗದಲ್ಲಿ ತಂತ್ರಜ್ಞಾನವು ಮಾನವನ ಅವಿಭಾಜ್ಯ ಅಂಗವಾಗಿದೆ’ ಎಂದು ಶುರುಮಾಡುತ್ತಾನೆ. ಬಸ್‌ಸ್ಟ್ಯಾಂಡಿನ ಮಾತು ಭಿತ್ತಿಪತ್ರಿಕೆಯ, ಅಂದರೆ ಶಾಲೆಯ ಗೋಡೆಗೆ ಹಾಕುವ ಪತ್ರಿಕೆಯ, ಹಾಳೆಗೆ ಬರುವಂತೆ ಮಾಡುವುದು ಹೇಗೆ, ಬಂದದ್ದು ಮಳೆಗಾಲದ ಗೋಡೆಯ ಮೇಲೆ ಹದಿನೈದು ದಿನ ನಿಲ್ಲುವಂತೆ ಮಾಡುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ. ಎಂಟನೆಯ ತರಗತಿಯಿಂದ ಪಿಯುಸಿವರೆಗಿನವರಿಗೆ ಇದು. ಅವರ ಬೆನ್ನಿಗೆ ನಿಲ್ಲುವ ಮಾಸ್ತರು, ಅಕ್ಕೋರಿಗೂ.

ಮೊದಲೇ ಒಂದು ಕರಾರು ಮಾಡಿಕೊಳ್ಳಿ, ಇಲ್ಲವಾದರೆ ಉಳಿದದ್ದೆಲ್ಲ ವ್ಯರ್ಥ. ಬರಹದಲ್ಲಿ ಮಾಹಿತಿ ತಪ್ಪಿದ್ದರೆ ತಿದ್ದಬಹುದು, ಕಾಗುಣಿತ ತಿದ್ದಬಹುದು, ಅಭಿಪ್ರಾಯವನ್ನು ಯಾರೂ ಮುಟ್ಟುವಂತಿಲ್ಲ. ‘ಮನೆಗೆಲಸ ಕೊಡುವುದು ದಂಡ’ ಎಂದು ಹುಡುಗಿಯೊಬ್ಬಳು ಬರೆದರೆ ಅದು ‘ಮನೆಗೆಲಸ ಮಿತವಾಗಿರಲಿ’ ಎಂದಾಗಬಾರದು. ಹೀಗೆ ಒಮ್ಮೆ ತಿದ್ದಿಸಿಕೊಂಡವರು ಎರಡನೇ ಸಂಚಿಕೆಗೆ ಬರೆಯುವುದಿಲ್ಲ. ಬರೆದರೂ ಮಾಸ್ತರಿಗೆ ಏನು ಬೇಕೋ ಅದನ್ನೇ ಬರೆಯುತ್ತಾರೆ. ಭಿತ್ತಿಪತ್ರಿಕೆಗಳು ಮೂರನೇ ಸಂಚಿಕೆಗೆ ಸಾಯುವುದು ಹೆಚ್ಚಾಗಿ ಹೀಗೇ. ಹೆಡ್‌ಮಾಸ್ತರ ಹತ್ತಿರ ಪರವಾನಗಿ ಕೇಳಲು ಹೋಗುವಾಗ ಈ ಕರಾರನ್ನು ನಾಲ್ಕು ಸಾಲಿನಲ್ಲಿ ಬರೆದೇ ಒಯ್ಯಿರಿ: ವ್ಯಕ್ತಿಯ ಹೆಸರೆತ್ತಿ ಬೈಯುವುದಿಲ್ಲ, ಜಾತಿ, ಧರ್ಮ, ಮೈಬಣ್ಣದ ಮೇಲೆ ಬರೆಯುವುದಿಲ್ಲ, ಪಕ್ಷದ ಚಿಹ್ನೆ ಹಾಕುವುದಿಲ್ಲ, ಇವಿಷ್ಟನ್ನು ಬಿಟ್ಟು ಉಳಿದದ್ದಕ್ಕೆ ತಡೆಯಿಲ್ಲ. ಕೆಳಗೆ ಅವರ ಸಹಿ ಹಾಕಿಸಿಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಮೊದಲ ದೂರು ಬಂದ ದಿನವೇ ಕರಗಿಹೋಗುತ್ತದೆ.

ಐದು ಜನ ಸಾಕು. ಒಬ್ಬ ಸಂಪಾದಕ, ಮಾಹಿತಿ ತಾಳೆ ನೋಡುವವರು ಇಬ್ಬರು, ಅಕ್ಷರ ಚೆನ್ನಾಗಿರುವವರು ಒಬ್ಬರು, ಅಂಟು-ಹಲಗೆ ನೋಡಿಕೊಳ್ಳಲು ಒಬ್ಬರು. ಅಕ್ಷರ ಚೆನ್ನಾಗಿದೆ ಎಂದು ಎಲ್ಲವನ್ನೂ ಒಬ್ಬಳ ಮೇಲೇ ಹೇರಬೇಡಿ. ಮೂರು ಹಾಳೆ ಬರೆಯಲು ಐದಾರು ಗಂಟೆ ಬೇಕು. ಆ ಹುಡುಗಿಗೂ ಪರೀಕ್ಷೆ ಇರುತ್ತದೆ.

ಗೋಡೆ, ಹಾಳೆ, ಅಂಟು

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಪಡುವಣ ದಿಕ್ಕಿನಿಂದ ಇರಚಲು ಹೊಡೆಯುತ್ತದೆ. ಹಾಗಾಗಿ ಪಡುವಣಕ್ಕೆ ಮುಖ ಮಾಡಿದ ಜಗಲಿ ಬೇಡ, ಅದು ಎಷ್ಟೇ ಅಗಲವಾಗಿರಲಿ. ಮೂಡಣಕ್ಕೆ ಮುಖ ಮಾಡಿದ ಗೋಡೆ ಅಥವಾ ಒಳಗಿನ ಹಾದಿಯ ಗೋಡೆ ನೋಡಿ. ಗಾರೆ ಮಾಡದ ಚಿರೆಕಲ್ಲಿನ ಗೋಡೆಗೆ ಪಿನ್ನು ನಿಲ್ಲುವುದಿಲ್ಲ, ಮೇಲಾಗಿ ಕಲ್ಲು ನೀರು ಹೀರಿ ಹಾಳೆಯನ್ನು ಹಿಂದಿನಿಂದ ಒದ್ದೆ ಮಾಡುತ್ತದೆ. ಸುಣ್ಣದ ಗೋಡೆಗೆ ನೇರವಾಗಿ ಅಂಟಿಸಿದರೆ ಸುಣ್ಣದ ಪದರವೇ ಹಾಳೆಯ ಜೊತೆ ಎದ್ದು ಬರುತ್ತದೆ. ಆಮೇಲೆ ಬಳಿಸಿಕೊಡಿ ಎಂದು ಹೆಡ್‌ಮಾಸ್ತರು ಹೇಳಿದರೆ ತಪ್ಪು ಅವರದ್ದಲ್ಲ.

ಎಂಟಕ್ಕೆ ನಾಲ್ಕು ಅಡಿಯ ಪ್ಲೈವುಡ್ ಹಾಳೆಯಿಂದ 6 ಅಡಿ ಉದ್ದ, ಎರಡೂವರೆ ಅಡಿ ಎತ್ತರದ ಒಂದು ಹಲಗೆ ಕೊಯ್ಯಿಸಿ. ಚಾರ್ಟ್ ಪೇಪರ್ ಸಾಮಾನ್ಯವಾಗಿ 56 ಸೆಂಟಿಮೀಟರ್ ಅಗಲ, 71 ಸೆಂಟಿಮೀಟರ್ ಉದ್ದ. ಮೂರು ಹಾಳೆ ನಿಲ್ಲಿಸಿ ಸಾಲಾಗಿ ಇಟ್ಟರೆ ಈ ಹಲಗೆಗೆ ಸರಿಯಾಗಿ ಕೂರುತ್ತವೆ. ಹಲಗೆಯ ಕೆಳ ಅಂಚು ನೆಲದಿಂದ 90-95 ಸೆಂಟಿಮೀಟರ್ ಎತ್ತರದಲ್ಲಿರಲಿ. ಹಾಳೆಗಳನ್ನು ಎರಡು ಸಾಲಿನಲ್ಲಿ ಒಂದರ ಮೇಲೊಂದು ಹಾಕಿದರೆ ಮೇಲಿನ ಸಾಲು ಎಂಟನೇ ತರಗತಿಯವರಿಗೆ ಎಟುಕುವುದಿಲ್ಲ, ಕೆಳಗಿನದಕ್ಕೆ ಪಿಯುಸಿಯವರು ಬಗ್ಗುವುದಿಲ್ಲ. ಪ್ಲೈವುಡ್ಡಿಗೆ ದುಡ್ಡಿಲ್ಲದಿದ್ದರೆ ಅಡಕೆ ದಬ್ಬೆ ಇದೆಯಲ್ಲ. ಒಂದಿಂಚು ಅಗಲಕ್ಕೆ ಸೀಳಿ, ಕೆರೆದು ನಯ ಮಾಡಿ, ಹಾಳೆಯ ಮೇಲೊಂದು ಕೆಳಗೊಂದು ದಬ್ಬೆ ಕೊಟ್ಟು ಶಾಲೆಯ ಹಳೇ ನಕಾಶೆಯ ಹಾಗೆ ತೂಗುಹಾಕಿ. ಹಸಿ ದಬ್ಬೆ ಒಣಗುತ್ತ ಡೊಂಕಾಗುತ್ತದೆ, ಹಳೆಯದನ್ನೇ ಆರಿಸಿಕೊಳ್ಳಿ. ಕಾರವಾರ, ಅಂಕೋಲೆ ಕಡೆಯವರು ಮೀನಿನ ಪೆಟ್ಟಿಗೆಯ ಥರ್ಮಾಕೋಲು ಪುಕ್ಕಟೆ ಸಿಗುತ್ತದೆಂದು ತರಬಾರದು. ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲ, ಬೆಕ್ಕು ಬರುತ್ತದೆ.

ಹಲಗೆಗೆ ಹಾಳೆಯನ್ನು ಪಿನ್ನಿನಲ್ಲಿ ಸಿಕ್ಕಿಸಬಹುದು. ಆದರೆ ಮಳೆಗಾಲದ ತೇವಕ್ಕೆ ಹಾಳೆ ಜೋತುಬಿದ್ದು ಪಿನ್ನಿನ ಹತ್ತಿರ ಹರಿಯುತ್ತದೆ. ನಾಲ್ಕು ಅಂಚಿಗೆ ಮೈದಾ ಅಂಟು ಹಚ್ಚುವುದೇ ಒಳ್ಳೆಯದು. 100 ಗ್ರಾಂ ಮೈದಾ ಹಿಟ್ಟನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ. ಬೇರೆ ಪಾತ್ರೆಯಲ್ಲಿ ನಾಲ್ಕು ಲೋಟ ನೀರು ಕುದಿಸಿ, ಕಲಸಿದ ಹಿಟ್ಟನ್ನು ಸಣ್ಣ ಧಾರೆಯಾಗಿ ಬಿಡುತ್ತ ಸೌಟಿನಲ್ಲಿ ತಿರುವುತ್ತಲೇ ಇರಿ. ಮೊದಲು ಹಾಲಿನಂತಿದ್ದದ್ದು ನಾಲ್ಕೈದು ನಿಮಿಷದಲ್ಲಿ ಮಂದವಾಗಿ, ಬಿಳುಪು ಹೋಗಿ ಗಂಜಿಯ ಹಾಗೆ ಹೊಳೆಯಲು ಶುರುವಾಗುತ್ತದೆ. ಸೌಟು ಎತ್ತಿದರೆ ಹನಿ ಹನಿಯಾಗಿ ಬೀಳದೆ ನೂಲಿನಂತೆ ಇಳಿಯಬೇಕು. ಆಗ ಇಳಿಸಿ. ಹಿಟ್ಟು ನೇರ ಬಿಸಿನೀರಿಗೆ ಹಾಕಿದರೆ ಗಂಟು ಕಟ್ಟುತ್ತದೆ. ಗಂಟಿರುವ ಅಂಟು ಹಾಳೆಯ ಕೆಳಗೆ ಗುಳ್ಳೆಯ ಹಾಗೆ ಕಾಣುತ್ತದೆ.

ಇಷ್ಟೇ ಆದರೆ ಮಳೆಗಾಲದಲ್ಲಿ ಮೂರನೇ ದಿನ ಬೂಷ್ಟು ಬರುತ್ತದೆ, ಐದನೇ ದಿನ ಜಿರಲೆ ಬಂದು ಅಂಚು ತಿನ್ನುತ್ತದೆ. ಅದಕ್ಕೆ ಅಂಟು ಆರಿದ ಮೇಲೆ ಅರ್ಧ ಚಮಚ ಮೈಲುತುತ್ತನ್ನು (ಕಾಪರ್ ಸಲ್ಫೇಟ್) ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿ ಬೆರೆಸಿ. ಘಟ್ಟದ ಮೇಲೆ ಅಡಕೆ ತೋಟವಿರುವ ಮನೆಯಲ್ಲಿ ಇದು ಇದ್ದೇ ಇರುತ್ತದೆ: ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕೆಜಿ ಸುಣ್ಣದ ಜೊತೆ ಹಾಕುವ ಒಂದು ಕೆಜಿ ನೀಲಿ ಹರಳು ಇದೇ. ಬೆರೆಸುವುದು ಪ್ಲಾಸ್ಟಿಕ್ ಪಾತ್ರೆಯಲ್ಲಿ ಮಾತ್ರ. ಕಬ್ಬಿಣ, ಅಲ್ಯೂಮಿನಿಯಂ ಪಾತ್ರೆಯಾದರೆ ತಾಮ್ರ ಪಾತ್ರೆಗೇ ಹತ್ತಿಕೊಂಡು ಪಾತ್ರೆಯೂ ಹಾಳು, ಅಂಟೂ ಹಾಳು. ಮೈಲುತುತ್ತು ವಿಷ. ಮಿಕ್ಕಿದ ಅಂಟನ್ನು ದನದ ಬಾಯಿಗೆ ಸಿಗುವ ಕಡೆ ಚೆಲ್ಲಬೇಡಿ, ಕೈ ತೊಳೆಯದೆ ಡಬ್ಬಿ ಊಟಕ್ಕೆ ಕೂರಬೇಡಿ.

ಮಳೆ ಹನಿಗೆ ಹೆದರಿ ಹಾಳೆಯ ಮೇಲೆ ಪ್ಲಾಸ್ಟಿಕ್ ಹೊದಿಸುವವರಿದ್ದಾರೆ. ನಾಲ್ಕೂ ಕಡೆ ಮುಚ್ಚಿದರೆ ಒಳಗೇ ಬೆವರಿ ಶಾಯಿ ಹರಿಯುತ್ತದೆ. ಮೇಲಂಚಿಗೆ ಮಾತ್ರ ಸಿಕ್ಕಿಸಿ ಕೆಳಗೆ ಬಿಟ್ಟುಬಿಡಿ.

ಬರೆಯಲು ಸ್ಕೆಚ್ ಪೆನ್ನು ಬೇಡ, ಅದರ ಬಣ್ಣ ನೀರಿನಲ್ಲಿ ಕರಗುವಂಥದ್ದು. ಜೆಲ್ ಪೆನ್ನು ಮಳೆಗಾಲದಲ್ಲಿ ಒಣಗುವುದೇ ಇಲ್ಲ, ಮುಂಗೈ ತಾಗಿ ಬಳಿದುಕೊಳ್ಳುತ್ತದೆ. ಬಾಲ್‌ಪೆನ್ನು ಒಂದು ಮಾರು ದೂರದಿಂದ ಕಾಣುವುದಿಲ್ಲ. ಸಣ್ಣ ಮೊನೆಯ ಕಪ್ಪು ಪರ್ಮನೆಂಟ್ ಮಾರ್ಕರ್ ಒಳ್ಳೆಯದು, ಶೀರ್ಷಿಕೆಗೆ ಚಪ್ಪಟೆ ಮೊನೆಯದು. ಹಾಳೆ ಬಿಳಿ ಅಥವಾ ತಿಳಿಕೆನೆ ಬಣ್ಣದ್ದು. ಗಾಢ ಬಣ್ಣದ ಚಾರ್ಟ್ ಅಂಗಡಿಯಲ್ಲಿ ಚೆಂದ, ಜಗಲಿಯ ಮಬ್ಬು ಬೆಳಕಿನಲ್ಲಿ ಓದಲಾಗದು.

ಅಕ್ಷರದ ಎತ್ತರ 8ರಿಂದ 10 ಮಿಲಿಮೀಟರ್, ಸಾಲಿನಿಂದ ಸಾಲಿಗೆ 2 ಸೆಂಟಿಮೀಟರ್. ಇಂಗ್ಲಿಷಿಗೆ ಅಷ್ಟು ಅಂತರ ಬೇಡ. ಕನ್ನಡಕ್ಕೆ ಬೇಕು; ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ‘ರಾಷ್ಟ್ರೀಯ’ ಎಂದು ಒಮ್ಮೆ ಬರೆದು ನೋಡಿ, ಗೊತ್ತಾಗುತ್ತದೆ. ಸ್ಕೇಲಿನಲ್ಲಿ ಪೆನ್ಸಿಲ್ ಗೆರೆ ಎಳೆದು, ಹಾಳೆಯನ್ನು 25 ಸೆಂಟಿಮೀಟರಿನ ಎರಡು ಅಂಕಣ ಮಾಡಿ. ಒಂದು ಸಾಲಿಗೆ ಸುಮಾರು ಐದು ಪದ, ಅಂಕಣಕ್ಕೆ 28 ಸಾಲು. ಅಂದರೆ ಶೀರ್ಷಿಕೆಯ ಜಾಗ ಬಿಟ್ಟು ಒಂದು ಹಾಳೆಗೆ ಹೆಚ್ಚೆಂದರೆ 280 ಪದ. ಈ ಲೆಕ್ಕವನ್ನು ಬರೆಯುವವರಿಗೆ ಮೊದಲೇ ಹೇಳಿ: ಒಬ್ಬರಿಗೆ 130 ಪದ. ಮೂರು ಪುಟ ತಂದುಕೊಟ್ಟವರಿಗೆ ಕಡಿಮೆ ಮಾಡು ಎನ್ನುವುದಕ್ಕಿಂತ ಇದು ಸುಲಭ.

ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಮುದ್ರಿಸುವುದಾದರೆ ಒಂದು ಎಚ್ಚರಿಕೆ. ನುಡಿ ತಂತ್ರಾಂಶದ ಹಳೇ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ್ದು ಅದೇ ಶೈಲಿ ಇಲ್ಲದ ಅಂಗಡಿಯ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗುತ್ತದೆ. ಯುನಿಕೋಡಿನಲ್ಲಿ ಟೈಪ್ ಮಾಡಿ, ಪಿಡಿಎಫ್ ಮಾಡಿ ಒಯ್ಯಿರಿ. ಕೈಬರಹಕ್ಕೆ ಇರುವಷ್ಟು ಓದುಗರು ಮುದ್ರಿಸಿದ್ದಕ್ಕೆ ಇರುವುದಿಲ್ಲ ಎನ್ನುವುದು ಬೇರೆ ಮಾತು. ಇದು ಯಾರ ಅಕ್ಷರ ಎಂದು ನೋಡಲಿಕ್ಕಾದರೂ ಹುಡುಗರು ನಿಲ್ಲುತ್ತಾರೆ.

ಬಾಯಿಮಾತನ್ನು ಹಾಳೆಗೆ ಇಳಿಸುವುದು

ಮನೆಯಿಂದ ಬರೆದುಕೊಂಡು ಬಾ ಎನ್ನಬೇಡಿ. ಮನೆಯಿಂದ ಬರುವುದು ಪ್ರಬಂಧ ಪುಸ್ತಕದ್ದು, ಅಣ್ಣನದ್ದು, ಇತ್ತೀಚೆಗೆ ಚಾಟ್‌ಜಿಪಿಟಿಯದ್ದು. ಈ ಮೂರಕ್ಕೂ ಒಂದೇ ಲಕ್ಷಣ: ಊರಿನ ಹೆಸರಿರುವುದಿಲ್ಲ, ಗಂಟೆ-ದಿನ ಇರುವುದಿಲ್ಲ, ‘ಒಂದೆಡೆ... ಮತ್ತೊಂದೆಡೆ...’ ಎಂದು ತಕ್ಕಡಿ ತೂಗಿ ಕೊನೆಗೆ ಎಲ್ಲವೂ ಮಿತವಾಗಿರಬೇಕು ಎಂದು ಮುಗಿಯುತ್ತದೆ. ಶಾಲೆಯಲ್ಲೇ ಕೂರಿಸಿ 20 ನಿಮಿಷ ಕೊಡಿ, ಕೈಗೆ ಒಂದು ಚೀಟಿ ಕೊಡಿ. ಚೀಟಿಯಲ್ಲಿ ನಾಲ್ಕೇ ಪ್ರಶ್ನೆ: ನೀನು ಹೇಳುವುದೇನು, ಒಂದೇ ವಾಕ್ಯದಲ್ಲಿ? ಇದನ್ನು ಎಲ್ಲಿ, ಯಾವಾಗ ಕಂಡೆ? ಯಾರಾದರೂ ಹೋಗಿ ತಾಳೆ ನೋಡಬಹುದಾದ ಒಂದು ಸಂಗತಿ ಯಾವುದು? ನಿನ್ನನ್ನು ಒಪ್ಪದವರ ಅತಿ ಗಟ್ಟಿ ಮಾತು ಯಾವುದು?

ನಾಲ್ಕನೆಯದನ್ನೇ ಎಲ್ಲರೂ ಖಾಲಿ ಬಿಡುತ್ತಾರೆ. ತಾಳಮದ್ದಲೆ (ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಕೇಳಿ ಬೆಳೆದ ಊರಿನವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ರಾಮನ ಪಾತ್ರಕ್ಕೆ ಎಷ್ಟೇ ದೊಡ್ಡ ಅರ್ಥಧಾರಿ ಇರಲಿ, ಎದುರಿನ ವಾಲಿ ಸಪ್ಪೆಯಾದರೆ ಆ ರಾತ್ರಿ ಕೂಟ ಏಳುವುದಿಲ್ಲ. ಮರೆಯಲ್ಲಿ ನಿಂತು ಏಕೆ ಬಾಣ ಬಿಟ್ಟೆ ಎಂದು ವಾಲಿ ಕೇಳುವಾಗ ಸಭೆಗೆ ಹೌದಲ್ಲ ಅನ್ನಿಸಬೇಕು, ಆಮೇಲೆಯೇ ರಾಮನ ಉತ್ತರಕ್ಕೆ ಬೆಲೆ. ಎದುರಾಳಿಯ ಮಾತನ್ನು ಬರೆಯುವಾಗ ‘ಕೆಲವರು ಅಜ್ಞಾನದಿಂದ ಹೇಳುತ್ತಾರೆ’ ಎಂದು ಶುರುಮಾಡಿದರೆ ಚೀಟಿ ವಾಪಸು ಕೊಡಿ.

ಒಂದು ಮಾದರಿಯನ್ನೇ ನೋಡೋಣ. ಹತ್ತನೇ ತರಗತಿಯವನ ಚೀಟಿಯಲ್ಲಿ ಹೀಗಿದೆ ಎನ್ನಿ: ‘ಗೇಮ್ ಆಡಿದ್ರೆ ಹಾಳಾಗ್ತಾರೆ ಅಂತ ದೊಡ್ಡೋರು ಹೇಳ್ತಾರೆ. ಅದೆಲ್ಲಾ ಸುಮ್ನೆ.’ ಇದರಲ್ಲಿ ಜೀವ ಇದೆ, ಸಂಗತಿ ಇಲ್ಲ. ಸಂಪಾದಕ ಪಕ್ಕದಲ್ಲಿ ಕೂತು ಕೇಳಬೇಕು: ಯಾವ ಗೇಮು? ಎಷ್ಟು ಹೊತ್ತು? ಹಾಳು ಎಂದರೆ ಮಾರ್ಕ್ಸೋ, ಕಣ್ಣೋ, ದುಡ್ಡೋ? ಹೇಳಿದ ದೊಡ್ಡವರು ಯಾರು, ಅವರು ಫೋನಿನಲ್ಲಿ ಏನು ಮಾಡುತ್ತಾರೆ? ನೀನು ಬಿಡಲು ನೋಡಿದ್ದೆಯಾ? ಉತ್ತರಗಳನ್ನು ಅವನ ಬಾಯಿಂದ ಬಂದ ಹಾಗೇ ಬರೆದುಕೊಂಡು, ಅವನ ಕೈಲೇ ಜೋಡಿಸಿದರೆ ಹೀಗೆ ಬರುತ್ತದೆ:

‘ನಾನು ದಿನಾ ಸಂಜೆ ಒಂದು ಗಂಟೆ ಬಿಜಿಎಂಐ ಆಡುತ್ತೇನೆ. ನಾಲ್ವರ ತಂಡದಲ್ಲಿ ಇಬ್ಬರು ನಮ್ಮ ಕ್ಲಾಸಿನವರು, ಒಬ್ಬ ಕುಮಟೆಯ ಅತ್ತೆಯ ಮಗ. ಅಪ್ಪ ಊಟವಾದ ಮೇಲೆ ಎರಡು ಗಂಟೆ ರೀಲ್ಸ್ ನೋಡುತ್ತಾರೆ. ನನ್ನದು ಚಟವಂತೆ, ಅಪ್ಪನದು ಆಯಾಸ ಪರಿಹಾರವಂತೆ. ಗೇಮಿನಲ್ಲಿ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ ಎನ್ನುವುದು ನಿಜ. ಪರೀಕ್ಷೆಯ ಹಿಂದಿನ ವಾರ ನಾನೇ ತೆಗೆದುಹಾಕಿದ್ದೆ, ಮೂರನೇ ದಿನ ಮತ್ತೆ ಹಾಕಿಕೊಂಡೆ. ಆದರೆ ನಿಲ್ಲಿಸು ಎನ್ನುವವರು ಸಂಜೆ ಐದಕ್ಕೆ ಆಡಲು ಒಂದು ಜಾಗ ತೋರಿಸಲಿ. ನಾವು ಕ್ರಿಕೆಟ್ ಆಡುವ ಗದ್ದೆಯಲ್ಲಿ ಜೂನ್‌ನಿಂದ ಬೇಸಾಯ.’

ಮಾಸ್ತರಿಗೆ ಇದರಲ್ಲಿ ತಿದ್ದಬೇಕೆನ್ನಿಸುವುದು ಅಪ್ಪನ ಸಾಲು. ತಿದ್ದಬೇಡಿ, ಅವನನ್ನೇ ಕೇಳಿ: ಅಪ್ಪ ಓದಿದರೆ ಅಡ್ಡಿಯಿಲ್ಲವಾ? ಇಲ್ಲ ಎಂದರೆ ಇರಲಿ. ಅಡ್ಡಿ ಎಂದರೆ ಲೇಖನದಡಿ ಅಡ್ಡಹೆಸರು ಹಾಕಿ, ನಿಜ ಹೆಸರನ್ನು ಸಂಪಾದಕನ ಪುಸ್ತಕದಲ್ಲಿ ಮಾತ್ರ ಬರೆದಿಡಿ. ಗೋಡೆಯ ಫೋಟೊ ತೆಗೆದು ಯಾರಾದರೂ ಸ್ಟೇಟಸ್ಸಿಗೆ ಹಾಕಿಯೇ ಹಾಕುತ್ತಾರೆ, ಆದ್ದರಿಂದ ಪೂರ್ತಿ ಹೆಸರು, ಊರು, ಫೋನ್ ನಂಬರು, ಮುಖದ ಫೋಟೊ ಯಾವ ಸಂಚಿಕೆಯಲ್ಲೂ ಬೇಡ.

ತಾಳೆ ನೋಡುವವರ ಕೆಲಸ

ಅಭಿಪ್ರಾಯ ಮುಟ್ಟುವುದಿಲ್ಲ ಎಂದಮೇಲೆ ಮಾಹಿತಿಯನ್ನು ಬಿಗಿಯಾಗಿ ನೋಡಲೇಬೇಕು. ಗೇಮಿನ ವಿಷಯದಲ್ಲಿ ಹುಡುಗರು ಆತ್ಮವಿಶ್ವಾಸದಿಂದ ತಪ್ಪು ಬರೆಯುತ್ತಾರೆ, ದೊಡ್ಡವರೂ ಅಷ್ಟೇ. ‘ಮಕ್ಕಳು ಹಾಳಾಗುತ್ತಾರೆಂದು ಸರಕಾರ ಪಬ್‌ಜಿ ನಿಷೇಧಿಸಿತು’ ಎಂಬುದು ಸಾಮಾನ್ಯ ತಪ್ಪು. 2020ರ ಸೆಪ್ಟೆಂಬರ್ 2ರಂದು 118 ಆ್ಯಪ್‌ಗಳಲ್ಲಿ ಒಂದಾಗಿ ಅದನ್ನು ತಡೆದದ್ದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ, ಕೊಟ್ಟ ಕಾರಣ ದೇಶದ ಸಾರ್ವಭೌಮತೆ ಮತ್ತು ಭದ್ರತೆ. ಅದರ ಭಾರತೀಯ ರೂಪ ಬಿಜಿಎಂಐ 2021ರ ಜುಲೈನಲ್ಲಿ ಬಂತು, 2022ರ ಜುಲೈನಲ್ಲಿ ತಡೆಯಾಯಿತು, 2023ರ ಮೇ ತಿಂಗಳಲ್ಲಿ ಮರಳಿತು. ‘ಈಗ ಆನ್‌ಲೈನ್ ಗೇಮೆಲ್ಲ ಬಂದ್’ ಎಂಬುದು ಎರಡನೇ ತಪ್ಪು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ನಿಷೇಧಿಸಿದ್ದು ದುಡ್ಡು ಕಟ್ಟಿ ಆಡುವ ಆಟಗಳನ್ನು. ಇ-ಸ್ಪೋರ್ಟ್ಸ್, ಅಂದರೆ ಪಂದ್ಯವಾಗಿ ಆಡುವ ಗೇಮು, ಅದರಲ್ಲಿಲ್ಲ. ‘ಗೇಮ್ ಆಡುವುದು ರೋಗವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ’ ಎಂಬುದು ಪಾಲಕರ ಪರ ಬರೆಯುವವರ ಅಸ್ತ್ರ. ಸಂಸ್ಥೆ ತನ್ನ ರೋಗಪಟ್ಟಿಯ 11ನೇ ಆವೃತ್ತಿಯಲ್ಲಿ ಗೇಮಿಂಗ್ ಡಿಸಾರ್ಡರ್ ಸೇರಿಸಿದ್ದು ಹೌದು, ಅದು 2022ರ ಜನವರಿಯಿಂದ ಜಾರಿಯಲ್ಲಿದೆ. ಆದರೆ ಹಿಡಿತ ತಪ್ಪಿ, ಬೇರೆಲ್ಲ ಕೆಲಸ ಬಿಟ್ಟು, ಬದುಕಿಗೆ ತೊಂದರೆಯಾದರೂ ಆಡುವುದು ಸಾಮಾನ್ಯವಾಗಿ 12 ತಿಂಗಳು ಮುಂದುವರಿದಿದ್ದರೆ ಮಾತ್ರ ಆ ಹೆಸರು. ದಿನಕ್ಕೊಂದು ಗಂಟೆ ಆಡುವವನಿಗೆ ಅದು ಅನ್ವಯಿಸುವುದಿಲ್ಲ. ಗಂಟೆ ಗೊತ್ತುಮಾಡಬೇಕೆನ್ನುವವರಿಗೆ ಚೀನಾದ ಉದಾಹರಣೆ ಕೊಡಿ: 2021ರಿಂದ ಅಲ್ಲಿ 18ರೊಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನ ರಾತ್ರಿ 8ರಿಂದ 9, ಅಷ್ಟೇ. ಇದು ಸರಿಯೋ ತಪ್ಪೋ ಎಂದು ಒಂದು ಪ್ರಶ್ನೆ ಎಸೆದರೆ ಮೂರನೇ ಹಾಳೆಗೆ ಬೇಕಾದಷ್ಟು ಉತ್ತರ ಬರುತ್ತದೆ.

ಫೋನು, ಜಾಲತಾಣದ ಬಗ್ಗೆ ಬರೆಯುವವರು ವಯಸ್ಸಿನ ಅಂಕಿಯಲ್ಲಿ ಎಡವುತ್ತಾರೆ. ಹೆಚ್ಚಿನ ಆ್ಯಪ್‌ಗಳು ಖಾತೆಗೆ 13 ವರ್ಷ ಕೇಳುತ್ತವೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16ರೊಳಗಿನವರಿಗೆ ಜಾಲತಾಣ ಖಾತೆ ಇಲ್ಲ. ಮೂರನ್ನೂ ಬೆರೆಸಿ ಒಂದೇ ಮಾಡಬಾರದು. ನೆಟ್‌ವರ್ಕ್ ಇಲ್ಲ ಎಂದು ಬರೆಯುವವರು ಎಲ್ಲಿ ಇಲ್ಲ, ಎಲ್ಲಿ ಹತ್ತಿದರೆ ಸಿಗುತ್ತದೆ, ಕರೆಂಟು ಹೋದ ಎಷ್ಟು ಹೊತ್ತಿಗೆ ಟವರು ಸಾಯುತ್ತದೆ ಎಂದು ಒಂದು ವಾರ ಬರೆದಿಟ್ಟು ಬರಲಿ. ಇದರಲ್ಲಿ ಘಟ್ಟದ ಹುಡುಗರಷ್ಟು ತಜ್ಞರು ಬೇರೆ ಯಾರಿಲ್ಲ.

ಶಾಲೆಯ ವಿಷಯಕ್ಕೆ ಬಂದರೆ ಮಾಸ್ತರ ಮೇಲಿನ ಸಿಟ್ಟೇ ಮೊದಲು ಬರುತ್ತದೆ. ಸಿಟ್ಟನ್ನು ಪದ್ಧತಿಯ ಕಡೆ ತಿರುಗಿಸಿ: ‘ಇಂಥ ಮಾಸ್ತರು’ ಹೋಗಿ ‘ಕೊನೇ ಪಿರಿಯಡ್ ಯಾವಾಗಲೂ ಗಣಿತವೇ ಏಕೆ’ ಎಂದಾಗಬೇಕು. 2024ರಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆ ಶುರುವಾಯಿತು, ಬಂದದ್ದರಲ್ಲಿ ಹೆಚ್ಚಿನ ಅಂಕ ಉಳಿಸಿಕೊಳ್ಳಬಹುದಿತ್ತು. ಇದರಿಂದ ಒತ್ತಡ ಇಳಿಯಿತೋ ಮೂರು ಪಟ್ಟಾಯಿತೋ ಎಂಬುದಕ್ಕೆ ಹತ್ತನೆಯವರಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಬಸ್ಸಿನ ತಕರಾರಂತೂ ಪ್ರತಿ ಸಂಚಿಕೆಗೂ ಬರುತ್ತದೆ. ‘ಬಸ್ಸು ಯಾವಾಗಲೂ ತಡ’ ಎಂದು ಬರೆದರೆ ಯಾರೂ ಓದುವುದಿಲ್ಲ. ಶಾಲೆ ಇರುವ 12 ದಿನ ಒಂದು ನೋಟ್‌ಬುಕ್ಕಿನಲ್ಲಿ ತಾರೀಕು, ಬರಬೇಕಾದ ವೇಳೆ, ಬಂದ ವೇಳೆ, ನಿಂತು ಹೋದವರೆಷ್ಟು ಎಂದು ನಾಲ್ಕು ಕಂಬಸಾಲು ಹಾಕಿ ಬರೆಯಿರಿ. ಬಂದೇ ಇಲ್ಲದ ದಿನವನ್ನೂ, ಸರಿಯಾಗಿ ಬಂದ ದಿನವನ್ನೂ ಬಿಡದೆ ಬರೆಯಬೇಕು. ಸರಿ ಬಂದ ದಿನ ಬಿಟ್ಟರೆ ಮೊದಲು ಸಿಕ್ಕಿಬೀಳುವುದು ಅಲ್ಲೇ. ಆ ಪಟ್ಟಿಯನ್ನೇ ಗೋಡೆಗೆ ಹಾಕಿ, ಕೆಳಗೆ ಎರಡು ಸಾಲು ಸಾಕು. ಅದೇ ಪಟ್ಟಿಯ ಪ್ರತಿಯನ್ನು ಹೆಡ್‌ಮಾಸ್ತರ ಮುಖಾಂತರ ಡಿಪೋಕ್ಕೆ ಕಳಿಸಬಹುದು.

ರಾಜಕೀಯ ಎಂದೊಡನೆ

ಹೆಡ್‌ಮಾಸ್ತರಿಗೆ ಬೆವರುವುದು ಇಲ್ಲಿ. ಅವರ ಹೆದರಿಕೆಗೆ ಅರ್ಥವಿದೆ. ಚುನಾವಣೆ ಘೋಷಣೆಯಾದ ಮೇಲೆ ನೀತಿಸಂಹಿತೆ ಇರುತ್ತದೆ, ಶಾಲೆ ಮತಗಟ್ಟೆಯೂ ಆಗಿರುತ್ತದೆ. ಆ ದಿನಗಳಲ್ಲಿ ಪಕ್ಷ, ಅಭ್ಯರ್ಥಿಗಳ ಸುದ್ದಿಗೇ ಹೋಗಬೇಡಿ. ಮತದಾನ ಹೇಗೆ ನಡೆಯುತ್ತದೆ ಎಂಬುದನ್ನು ಬರೆಯಿರಿ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು ಸಂವಿಧಾನದ 61ನೇ ತಿದ್ದುಪಡಿಯಿಂದ, 1989ರಲ್ಲಿ. 17 ತುಂಬಿದ ಪಿಯುಸಿಯವರು ಫಾರಂ 6ರಲ್ಲಿ ಮುಂಗಡ ಅರ್ಜಿ ಹಾಕಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಕು, ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನ. ಉತ್ತರ ಕನ್ನಡ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ, ಎರಡು ಬೆಳಗಾವಿ ಜಿಲ್ಲೆಯವು: ಖಾನಾಪುರ, ಕಿತ್ತೂರು. ಇದನ್ನು ಕೇಳಿದರೆ ಮಾಸ್ತರರಲ್ಲೂ ಅರ್ಧ ಜನ ತಡವರಿಸುತ್ತಾರೆ.

ಚುನಾವಣೆ ಇಲ್ಲದಾಗ ಊರಿನ ರಾಜಕೀಯ ಬೇಕಾದಷ್ಟಿದೆ. ಹುಬ್ಬಳ್ಳಿ–ಅಂಕೋಲಾ ರೈಲು, ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ, ಬೇಡ್ತಿ–ವರದಾ ನದಿ ಜೋಡಣೆ, ಹೊನ್ನಾವರ ಕಾಸರಕೋಡಿನ ಬಂದರು. ಇವನ್ನೆಲ್ಲ ಮಕ್ಕಳಿಗೇಕೆ ಎಂದು ಯಾರಾದರೂ ಕೇಳಿದರೆ, 1983ರ ಸೆಪ್ಟೆಂಬರ್‌ನಲ್ಲಿ ಶಿರಸಿಯ ಸಾಲ್ಕಣಿಯ ಕಡೆ ಅಪ್ಪಿಕೋ ಚಳವಳಿಯಲ್ಲಿ, ಮರ ಕಡಿಯದಂತೆ ಅಪ್ಪಿ ನಿಂತವರಲ್ಲಿ ಯುವಕ ಮಂಡಳಿಯವರಿದ್ದರು ಎಂದು ಹೇಳಿ ನೋಡಿ.

ಬರೆಯುವಾಗ ಎರಡು ಕಡೆ ಜಾರುತ್ತಾರೆ. ಮೊದಲನೆಯದು ಯಾರ ಕೆಲಸ ಎಂಬುದು. ಹೆದ್ದಾರಿ 66ರ ಹೊಂಡಕ್ಕೆ ಗ್ರಾಮ ಪಂಚಾಯ್ತಿಯನ್ನು ಬೈದು ಪ್ರಯೋಜನವಿಲ್ಲ, ಅದು ರಾಷ್ಟ್ರೀಯ ಹೆದ್ದಾರಿ. ಬೀದಿದೀಪ, ಕುಡಿಯುವ ನೀರು, ಗಟಾರ ಪಂಚಾಯ್ತಿಯದ್ದು, ಕರೆಂಟು ಹೆಸ್ಕಾಂನದ್ದು, ಕರಾವಳಿಯ ರೈಲು ಕೊಂಕಣ ರೈಲ್ವೆಯದ್ದು. ಲೇಖನದ ತಲೆಯಲ್ಲಿ ‘ಇದು ಯಾರಿಗೆ’ ಎಂದು ಒಂದು ಸಾಲು ಬರೆಯುವ ರೂಢಿ ಮಾಡಿ; ಅರ್ಧ ತಪ್ಪು ಅಲ್ಲೇ ಸರಿಹೋಗುತ್ತದೆ. ಎರಡನೆಯದು ಆದದ್ದನ್ನೂ ಅನ್ನಿಸಿದ್ದನ್ನೂ ಬೆರೆಸುವುದು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತು. ಆಗಸ್ಟ್ 7ರ ನಸುಕಿಗೆ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಇವು ಆದದ್ದು. ಯಾರ ತಪ್ಪಿನಿಂದ, ಯಾರು ಮೊದಲೇ ಎಚ್ಚರಿಸಬೇಕಿತ್ತು ಎಂಬುದು ಅನ್ನಿಸಿದ್ದು. ಎರಡಕ್ಕೂ ಜಾಗ ಇದೆ, ಎರಡು ಬೇರೆ ವಾಕ್ಯದಲ್ಲಿ, ಎರಡನೆಯದರ ಹಿಂದೆ ‘ನನ್ನ ಪ್ರಕಾರ’ ಎಂದು ಸೇರಿಸಿ.

ಕಡತದಲ್ಲೇ ಇರುವ ಸಂಗತಿ ಬೇಕಾದರೆ ಮನೆಯ ದೊಡ್ಡವರ ಹೆಸರಿನಲ್ಲಿ ಮಾಹಿತಿ ಹಕ್ಕು ಅರ್ಜಿ ಹಾಕಿಸಿ. ಶುಲ್ಕ 10 ರೂಪಾಯಿ, ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಉತ್ತರಕ್ಕೆ 30 ದಿನ. ‘ರಸ್ತೆ ಏಕೆ ಹಾಳಾಗಿದೆ’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಏಕೆ ಎಂಬುದು ಕಡತದಲ್ಲಿರುವುದಿಲ್ಲ. ‘ಇಂಥ ರಸ್ತೆಗೆ ಇಂಥ ವರ್ಷ ಮಂಜೂರಾದ ಹಣ, ಗುತ್ತಿಗೆ ಕರಾರಿನ ಪ್ರತಿ’ ಎಂದು ದಾಖಲೆಯ ಹೆಸರು ಹಿಡಿದು ಕೇಳಬೇಕು. ಗ್ರಾಮ ಪಂಚಾಯ್ತಿ ಮಕ್ಕಳ ಗ್ರಾಮಸಭೆ ಕರೆದಾಗ ಗೋಡೆಯ ಹಾಳೆಯನ್ನೇ ಸುತ್ತಿಕೊಂಡು ಹೋಗಿ. ಒಬ್ಬರು ಒಂದೇ ಬೇಡಿಕೆ ಓದಲಿ, ನಡಾವಳಿ ಪುಸ್ತಕದಲ್ಲಿ ಬರೆಸಿಕೊಂಡು ಬರಲಿ.

ಮೂರನೇ ಹಾಳೆ

ಮೊದಲ ಹಾಳೆಯಲ್ಲಿ ಎರಡು ಅಭಿಪ್ರಾಯ, ಎರಡನೆಯದರಲ್ಲಿ ಅವನ್ನು ಒಪ್ಪದವರ ಮಾತು, ಮೂರನೆಯದರ ಮೇಲರ್ಧದಲ್ಲಿ ತಾಳೆ ನೋಡಿದ ಮಾಹಿತಿ. ಕೆಳಗಿನ ಅರ್ಧ ಖಾಲಿ ಬಿಡಿ, ಓದುಗರಿಗೆ. ಖಾಲಿ ಎಂದು ನೇರ ಬರೆಯಲು ಬಿಟ್ಟರೆ ಎರಡನೇ ದಿನ ಹೃದಯದ ಚಿತ್ರ, ಬಾಣ, ಎರಡು ಇಂಗ್ಲಿಷ್ ಅಕ್ಷರ ಬಂದಿರುತ್ತವೆ. 10ಕ್ಕೆ 7 ಸೆಂಟಿಮೀಟರಿನ ಚೀಟಿಗಳನ್ನು ಕತ್ತರಿಸಿ ದಾರಕ್ಕೆ ಪೋಣಿಸಿ ಹಲಗೆಗೆ ಕಟ್ಟಿ, ಪಕ್ಕದಲ್ಲಿ ಪೆನ್ಸಿಲ್ಲೊಂದನ್ನೂ ಕಟ್ಟಿ, ಕೆಳಗೆ ರಟ್ಟಿನ ಪೆಟ್ಟಿಗೆ ಇಡಿ. ಹೆಸರು, ತರಗತಿ ಇಲ್ಲದ ಚೀಟಿ ಹಾಕುವುದಿಲ್ಲ ಎಂದು ಮೊದಲೇ ಬರೆದಿರಲಿ. ಬುಧವಾರ, ಶನಿವಾರ ಪೆಟ್ಟಿಗೆ ತೆರೆದು ಅಂಟಿಸಿ. ಸಂಪಾದಕನನ್ನೇ ಬೈದ ಚೀಟಿಯನ್ನು ಮೊದಲು ಅಂಟಿಸಿ, ಪೆಟ್ಟಿಗೆ ತಾನಾಗಿ ತುಂಬುತ್ತದೆ.

ಪ್ರಕಟವಾದ ಮೇಲೆ ತಪ್ಪು ಸಿಕ್ಕರೆ ಅದೇ ಹಾಳೆಯ ಬಣ್ಣದ ಪಟ್ಟಿ ಕತ್ತರಿಸಿ ತಪ್ಪಿನ ಮೇಲೆ ಅಂಟಿಸುವುದು ಸುಲಭ, ಆದರೆ ಹಾಗೆ ಮಾಡಬೇಡಿ. ತಪ್ಪಿನ ಅಡಿಗೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ತಾರೀಕು ಸಮೇತ ಬರೆಯಿರಿ. ಪಟ್ಟಿ ಅಂಟಿಸುವುದು ಗೋಡೆಗೇರುವ ಮೊದಲಿನ ಕಾಗುಣಿತದ ತಪ್ಪಿಗೆ ಮಾತ್ರ.

ಮಳೆಗಾಲದಲ್ಲಿ ಹಾಳೆಯ ಆಯುಷ್ಯ ಹದಿನೈದು ದಿನ, ನವೆಂಬರ್‌ನಿಂದ ತಿಂಗಳಿಟ್ಟರೂ ನಡೆದೀತು. ಇಳಿಸುವಾಗ ಅಂಚನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಐದು ನಿಮಿಷ ಬಿಟ್ಟರೆ ಮೈದಾ ಅಂಟು ಮೆತ್ತಗಾಗಿ ಬಿಡುತ್ತದೆ, ಎಳೆದರೆ ಹರಿಯುತ್ತದೆ. ಹಾಳೆಗಳನ್ನು ನೆರಳಲ್ಲಿ ಒಣಗಿಸಿ, ಬರಹ ಹೊರಮುಖವಾಗುವಂತೆ ಸುತ್ತಿ, ಸಂಚಿಕೆಯ ಸಂಖ್ಯೆ ಮತ್ತು ತಾರೀಕು ತುದಿಯಲ್ಲಿ ಬರೆದು ಅಟ್ಟದಲ್ಲಿ ಅಡ್ಡಲಾಗಿ ತೂಗುಹಾಕಿ. ಗೋಡೆಗೆ ಒರಗಿಸಿ ನಿಲ್ಲಿಸಿದರೆ ಒರಲೆ ಕೆಳಗಿನ ತುದಿಯಿಂದ ಹತ್ತುತ್ತದೆ.